ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ, ದಯವಿಟ್ಟು

ಇವತ್ತು ಬೆಳಿಗ್ಗೆ ಕಾಸರಗೋಡಿನ ಬದಿಯಡ್ಕದ ಹತ್ತಿರ ಭಾವನ ಮನೆಗೆ ಹೋಗಿದ್ದೆ. ಆಯುಧಪೂಜೆಗೆ ಅಂತ ಕಾರು ತೊಳೆದು ಅಂಗಳದ ಬಿಸಿಲಲ್ಲಿ ನಿಲ್ಲಿಸಿದ್ದರು. ಕಾರಿನ ಹಿಂದಿನ ಬಾಗಿಲಿನ ಎದುರು ಕುಕ್ಕರಗಾಲಲ್ಲಿ ಕೂತು, ಹಳೆ ಬನಿಯನ್ ತುಂಡಿಗೆ ಟೂತ್‌ಪೇಸ್ಟ್ ಮೆತ್ತಿ ಗಸಗಸ ತಿಕ್ಕುತ್ತಿದ್ದರು. ಪಕ್ಕದಲ್ಲಿ ಫೋನು. ಅದರಲ್ಲಿ ಯಾರೋ ಮಲಯಾಳದಲ್ಲಿ ಹೇಳಿಕೊಡುತ್ತಿದ್ದಾರೆ, ಎರಡು ನಿಮಿಷದಲ್ಲಿ ಗೀರು ಮಾಯ ಅಂತ.

"ಭಾವ, ನಿಲ್ಲಿಸಿ ಮಾರಾಯ್ರೆ!" ಅಂತ ಕೂಗಿಯೇಬಿಟ್ಟೆ. ಅಕ್ಕ ಹೆದರಿ ಒಳಗಿಂದ ಓಡಿ ಬಂದಳು.

ನಾಲ್ಕು ತಿಂಗಳ ಕಾರು. ಕಡುನೀಲಿ ಬಣ್ಣ. ನಮ್ಮ ಕಡೆಯ ಓಣಿಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತಲ್ಲ. ಎರಡೂ ಬದಿ ಮುರಕಲ್ಲಿನ ಕಟ್ಟೆ, ನಡುವೆ ಒಂದು ಕಾರು ಹೋಗುವಷ್ಟೇ ಜಾಗ. ಎದುರಿನಿಂದ ಜೀಪು ಬಂದಿದೆ, ಇವರು ಬದಿಗೆ ಒತ್ತಿದ್ದಾರೆ, ಕಲ್ಲು ಗೀರಿದೆ. ಒಂದು ಗೇಣು ಉದ್ದ. ಉಗುರು ಎಳೆದು ನೋಡಿದೆ, ಸಿಕ್ಕಿಕೊಂಡಿತು. ಒಳಗೆ ಪ್ರೈಮರ್, ಅಂದರೆ ಬಣ್ಣದ ಅಡಿಗೆ ಹಾಕುವ ಬೂದು ಪದರ, ಕಾಣುತ್ತಿತ್ತು. ಒಂದು ಕಡೆ ತಗಡೇ ಕಾಣುತ್ತಿತ್ತು, ಅಲ್ಲಿ ಆಗಲೇ ಸಾಸಿವೆಯಷ್ಟು ಕಂದು ಚುಕ್ಕೆ. ಸುತ್ತಲೂ ಅಂಗೈಯಷ್ಟು ಜಾಗದಲ್ಲಿ ಹೊಳಪೇ ಇಲ್ಲ. ಅದು ಟೂತ್‌ಪೇಸ್ಟ್ ಮಾಡಿದ ಕೆಲಸ.

ನನಗೆ ಯಾಕೆ ಅಷ್ಟು ಸಿಟ್ಟು ಬಂತು ಅಂತ ಹೇಳುತ್ತೇನೆ. ಕಾರುಗಳಿಗೆ ಬಣ್ಣ ಹೊಡೆಯುವ ಶಾರ್ಜಾದ ಪೇಂಟ್ ಬೂತಿನಲ್ಲಿ ಆರು ವರ್ಷ ಕಳೆದವನಿಗೆ ಸುಮ್ನೆ ನೋಡಿಕೊಂಡು ಇರಲು ಆಗುವುದಿಲ್ಲ. ಕಾರಿನ ಮೈಮೇಲಿನ ಬಣ್ಣ ಅಂದರೆ ಎಷ್ಟು ದಪ್ಪ? ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ, ಕ್ಲಿಯರ್ ಕೋಟ್. ನಾಲ್ಕೂ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಎರಡು ತಲೆಕೂದಲು ಒಂದರ ಮೇಲೊಂದು ಇಟ್ಟಷ್ಟು. ಅದರಲ್ಲಿ ಕ್ಲಿಯರ್ ಕೋಟ್ 40-50 ಮೈಕ್ರಾನ್ ಅಷ್ಟೇ. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಆ ಪದರವೇ.

ಟೂತ್‌ಪೇಸ್ಟಿನಲ್ಲಿ ಇರುವುದು ನುಣ್ಣನೆಯ ಸುಣ್ಣಕಲ್ಲಿನ ಪುಡಿ ಅಥವಾ ಸಿಲಿಕಾ. ಹಲ್ಲಿನ ಕೊಳೆ ತೆಗೆಯಲು ಹಾಕಿದ್ದು. ತಿಕ್ಕಿದರೆ ಅದು ಕ್ಲಿಯರ್ ಕೋಟನ್ನು ಸವೆಸುತ್ತದೆ. ಬಟ್ಟೆ ತಾಗಿ ಆದ ತೆಳು ಗೆರೆಯಾದರೆ ಸವೆದು ಮಸುಕಾಗಬಹುದು, ಒಪ್ಪುತ್ತೇನೆ. ಆದರೆ ಉಗುರು ಸಿಕ್ಕುವ ಗೀರು ಅಂದರೆ ಅದೊಂದು ಗುಂಡಿ. ಗುಂಡಿಯ ಸುತ್ತ ಕೆರೆದರೆ ಗುಂಡಿ ತುಂಬುತ್ತದಾ? ಸುತ್ತಲಿನ ನೆಲ ತಗ್ಗುತ್ತದೆ, ಅಷ್ಟೇ.

ತೆಂಗಿನೆಣ್ಣೆ ಸವರುವವರೂ ಇದ್ದಾರೆ. ಎರಡು ದಿನ ಗೀರು ಕಾಣುವುದಿಲ್ಲ, ನಿಜ. ಆದರೆ ಎಣ್ಣೆಪಸೆ ಇದ್ದರೆ ಮುಂದೆ ಹಚ್ಚುವ ಬಣ್ಣ ಕೂರುವುದಿಲ್ಲ, ಬೊಕ್ಕೆ ಬೊಕ್ಕೆಯಾಗಿ ಸರಿದು ನಿಲ್ಲುತ್ತದೆ.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಶಾರ್ಜಾಕ್ಕೆ ಹೋಗುವ ಮೊದಲು ಅಪ್ಪನ ಹಳೆ ಬಿಳಿ ಕಾರಿನ ಬಾಗಿಲನ್ನು ನಾನೇ ಹಾಳು ಮಾಡಿದ್ದೆ. ಗೇಟಿಗೆ ತಾಗಿಸಿದ್ದೂ ನಾನೇ. ಅಪ್ಪ ಸಂಜೆ ಬರುವುದರೊಳಗೆ ಸರಿ ಮಾಡಬೇಕು ಅಂತ ಮರ ಉಜ್ಜುವ ಪೇಪರ್ ಹಿಡಿದು ತಿಕ್ಕಿದೆ. ತಗಡು ಬಂತು. ಮೇಲೆ ಗೇಟಿಗೆ ತಂದಿದ್ದ ಬಿಳಿ ಪೇಂಟ್ ಬಳಿದೆ. ಮುಂದಿನ ಮಳೆಗಾಲ ಮುಗಿಯುವಾಗ ಆ ಪೇಂಟ್ ಹಪ್ಪಳದ ಹಾಗೆ ಉಬ್ಬಿತ್ತು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಅಪ್ಪ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ.

ನಮ್ಮ ಊರಿನ ಹವೆಯನ್ನು ಮರೆಯಬಾರದು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮಂಜೇಶ್ವರದಿಂದ ಕಾಸರಗೋಡಿನ ತನಕ ಹೆದ್ದಾರಿಯ ಪಕ್ಕದಲ್ಲೇ ಸಮುದ್ರ, ಉಪ್ಪು ಗಾಳಿ. ಒಳನಾಡಿನಲ್ಲಿ ನಿಧಾನವಾಗಿ ಹಿಡಿಯುವ ತುಕ್ಕು ಇಲ್ಲಿ ಬೇಗ ಹಿಡಿಯುತ್ತದೆ. ಪ್ಲಾಸ್ಟಿಕ್ ಬಂಪರಿನ ಗೀರಾದರೆ ಅವಸರವಿಲ್ಲ, ಅದಕ್ಕೆ ತುಕ್ಕು ಇಲ್ಲ. ಬಾಗಿಲು, ಬಾನೆಟ್ ಆದರೆ ಕಾಯಬೇಡಿ.

"ಹಾಗಾದರೆ ವರ್ಕ್‌ಶಾಪಿಗೆ ಕೊಡಬಾರದಾ?" ಅಂತ ಅಕ್ಕ ಕೇಳಿದಳು. ಕೊಡಬಹುದು. ಅವರು ಒಂದು ಗೇಣು ಗೀರಿಗೆ ಇಡೀ ಬಾಗಿಲಿಗೆ ಬಣ್ಣ ಹೊಡೆಯುತ್ತಾರೆ. ಹೊಂದಿಕೆ ಬರಬೇಕಾದರೆ ಹಾಗೇ ಮಾಡಬೇಕು, ಅವರ ತಪ್ಪಲ್ಲ. ಖರ್ಚು ಸಾವಿರಗಳಲ್ಲಿ. ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಸಿಗುವ 20 ಶೇಕಡಾ ರಿಯಾಯಿತಿ ಐದು ವರ್ಷಕ್ಕೆ 50 ಶೇಕಡಾ ಆಗುತ್ತದೆ. ಒಂದು ಗೀರಿಗಾಗಿ ಅದನ್ನು ಕಳೆದುಕೊಳ್ಳಬೇಕಾ? ಮನೆಯಲ್ಲಿ ಮಾಡಿದರೆ ಗುರುತು ಕಾಣುತ್ತದೆ ಅನ್ನುತ್ತಾರೆ. ಕಾಣುತ್ತದೆ, ಹತ್ತಿರ ಹೋಗಿ ನೋಡಿದರೆ. ನನಗೆ ಚಂದ ಆಮೇಲೆ. ಮೊದಲು ತಗಡಿಗೆ ನೀರು ತಾಗಬಾರದು.

ಮಾಡುವುದು ಹೀಗೆ. ಕಾರಿನ ಬಣ್ಣಕ್ಕೆ ಒಂದು ಕೋಡ್ ಇರುತ್ತದೆ, ಬಾಗಿಲ ಕಂಬದ ಸ್ಟಿಕ್ಕರಿನಲ್ಲೋ ಬಾನೆಟ್ ಒಳಗಿನ ಪ್ಲೇಟಿನಲ್ಲೋ. ಅದನ್ನು ಕೊಟ್ಟೇ ಟಚಪ್ ಬಾಟಲಿ, ಅಂದರೆ ಗೀರಿಗೆ ಹಚ್ಚುವ ಬಣ್ಣದ ಸಣ್ಣ ಬಾಟಲಿ, ತನ್ನಿ. "ನೀಲಿ ಕೊಡಿ" ಅಂದರೆ ಯಾವ ನೀಲಿ? ಗೀರನ್ನು ಶಾಂಪೂ ಹಾಕಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ತುಕ್ಕಿದ್ದರೆ ಅದನ್ನು ಮಾತ್ರ ಸೂಜಿಮೊನೆಯಿಂದ ಕೆರೆದು ತುಕ್ಕು ತಡೆಯುವ ದ್ರವ ಹಚ್ಚಿ. ಹಸಿ ಅಡಿಕೆ ಕೊಯ್ದ ಕಬ್ಬಿಣದ ಕತ್ತಿ ಚೊಗರಿಗೆ ಕಪ್ಪಾಗುತ್ತದಲ್ಲ, ಅಂಥ ದ್ರವಗಳಲ್ಲಿ ಕೆಲವು ಅದೇ ಗುಣದವು. ಚೊಗರಿನಲ್ಲಿರುವ ಟ್ಯಾನಿನ್ ತುಕ್ಕನ್ನು ಕಪ್ಪು ಪದರ ಮಾಡಿ ಕಟ್ಟಿಹಾಕುತ್ತದೆ. ಒಣಗಿದ ಮೇಲೆ ಪ್ರೈಮರ್. ಆಮೇಲೆ ಬಾಟಲಿಯನ್ನು ಚೆನ್ನಾಗಿ ಕುಲುಕಿ ಬಣ್ಣ ಹಚ್ಚಿ.

ಬಾಟಲಿಯ ಬ್ರಷ್ ತುಂಬಾ ದಪ್ಪ. ನಾನು ಹಿಡಿಸೂಡಿ (ಪೊರಕೆ) ಕಡ್ಡಿಯ ತುದಿ ಚೂಪು ಮಾಡಿ, ಗೀರಿನ ಒಳಗೆ ಹನಿ ಹನಿಯಾಗಿ ಇಡುತ್ತೇನೆ. ಒಂದೇ ಸಲ ತುಂಬಬೇಡಿ. ತೆಳುವಾಗಿ ಮೂರು ನಾಲ್ಕು ಸಲ, ಪ್ರತಿಸಲ ಒಣಗಲು ಬಿಟ್ಟು. ಒಂದು ದಿನ ಕಳೆದು ಕ್ಲಿಯರ್ ಕೋಟ್. ಇದೆಲ್ಲ ನೆರಳಲ್ಲಿ, ಮಳೆಯಿಲ್ಲದ ದಿನ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಹಚ್ಚಿದ್ದು ಹಾಲಿನ ಹಾಗೆ ಮಸುಕಾಗುತ್ತದೆ. ನಮ್ಮಲ್ಲಿ ಡಿಸೆಂಬರ್, ಜನವರಿ ಇದಕ್ಕೆ ಒಳ್ಳೆಯ ಕಾಲ.

ತಿಕ್ಕುವುದು ಬರುವುದು ಇದೆಲ್ಲ ಆದ ಮೇಲೆ. ಒಂದು ವಾರ ಬಿಟ್ಟು, 2000 ನಂಬರಿನ ವಾಟರ್ ಪೇಪರನ್ನು (ತುಂಬಾ ನುಣ್ಣನೆಯ ಉಜ್ಜುವ ಪೇಪರ್) ಸೋಪು ನೀರಲ್ಲಿ ನೆನೆಸಿ, ಉಬ್ಬಿ ನಿಂತ ಭಾಗವನ್ನು ಮಾತ್ರ ಮೆಲ್ಲಗೆ. ಕೊನೆಗೆ ಪಾಲಿಶ್. ಭಾವ ಮೊದಲು ಮಾಡಿದ್ದು ಕೊನೆಗೆ ಮಾಡಬೇಕಾದ್ದನ್ನು.

ಭಾವ ಬನಿಯನ್ ತುಂಡು ಕೆಳಗಿಟ್ಟು ತುಂಬಾ ಹೊತ್ತು ಆ ಮಂಕು ಜಾಗವನ್ನೇ ನೋಡುತ್ತಿದ್ದರು. "ವಿಡಿಯೊದಲ್ಲಿ ಹೋಗಿತ್ತಲ್ಲ" ಅಂದರು. ಅಷ್ಟು ಪಾಪದ ಮನುಷ್ಯನಿಗೆ ಆ ವಿಡಿಯೊ ಮಾಡಿದವರು ಮೋಸ ಮಾಡಿದ್ದಾರೆ, ಅದೇ ನನ್ನ ಹೊಟ್ಟೆ ಉರಿಸಿದ್ದು.

ಡಿಸೆಂಬರಿನ ತನಕ ಆ ಚುಕ್ಕೆ ಕಾಯುವುದಿಲ್ಲ. ಕಾರನ್ನು ಅಡಿಕೆ ಕೊಟ್ಟಿಗೆಯ ನೆರಳಿಗೆ ತಂದಿದ್ದೇವೆ. ಕೋಡ್ ಬರೆದುಕೊಂಡು ಬಂದಿದ್ದೇನೆ. ಭಾನುವಾರ ಬಿಸಿಲಿದ್ದರೆ ಪ್ರೈಮರ್ ತೆಗೆದುಕೊಂಡು ಹೋಗುತ್ತೇನೆ.