ಮೊದಲು ವಿಟಮಿನ್ ಬಿ12 ನೋಡಿಸಿ
ಸಂಗಾತಿಯ ಖಿನ್ನತೆಗೆ ಅಡುಗೆಮನೆಯಲ್ಲೇ ಮದ್ದಿದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ನಮ್ಮನೆಯವರು ಮಂಕಾಗಿ, ಎಲ್ಲಾ ಮರೆಯುತ್ತಾ ಕೂತಾಗ ನಾನೂ ಬಾದಾಮಿ ಹಾಲು, ಒಂದೆಲಗದ ತಂಬುಳಿ ಅಂತ ಒದ್ದಾಡಿದವಳೇ. ರಕ್ತಪರೀಕ್ಷೆ ಮಾಡಿಸಿದಾಗ ಬಿ12 ತೀರಾ ಕಡಿಮೆ! ನಾವು ಸಸ್ಯಾಹಾರಿಗಳು, ಸೊಪ್ಪು, ಬೇಳೆ, ರಾಗಿಯಿಂದ ಅದು ಸಿಗುವುದಿಲ್ಲ, ಹಾಲು-ಮೊಸರೇ ಗತಿ. ಸಾಲದ್ದಕ್ಕೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ, ಅದೂ ಬಿ12 ಅನ್ನು ತಗ್ಗಿಸುತ್ತದೆ. ಇಂಜೆಕ್ಷನ್ ಕೊಡಿಸಿದ ಮೇಲೆ ಸುಸ್ತು, ಮರೆವು ಇಳಿಯಿತು. ಖಿನ್ನತೆಯ ಮಾತ್ರೆ ಮಾತ್ರ ಇನ್ನೂ ನಡೆದಿದೆ, ನಿಲ್ಲಿಸಿಲ್ಲ. ನೀವು ಹೊಗಳಿರುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಅಂಥ ಮಾತ್ರೆಗಳ ಜೊತೆ ಕೊಟ್ಟರೆ ಮೆದುಳಿನ ರಾಸಾಯನಿಕವಾದ ಸೆರೊಟೋನಿನ್ ವಿಪರೀತವಾಗಿ ಜೀವಕ್ಕೇ ಅಪಾಯ ಆಗಬಹುದು. ಆ ಸಾಲನ್ನು ದಯವಿಟ್ಟು ತಿದ್ದಿ. (ತಂಬುಳಿ ಈಗಲೂ ಮಾಡ್ತೀನಿ, ಅವರಿಗೆ ಇಷ್ಟ.)