ಹೂಂ ಅಂದದ್ದೇ ತಪ್ಪಾಯಿತು

ನನ್ನ ಹತ್ತಿರ ಒಂದು ಹಳೆಯ ನೀಲಿ ಅಂಗಿ ಇತ್ತು. ಕಾಲರು ಸವೆದಿತ್ತು, ಮೊಣಕೈ ಹತ್ತಿರ ತೂತು. ಅದನ್ನು ನೆಲ ಒರೆಸುವ ಬಟ್ಟೆಯ ದರ್ಜೆಗೆ ಇಳಿಸಲು ಮನೆಯಲ್ಲಿ ಬಹಳ ದಿನದಿಂದ ಹೊಂಚು ನಡೆದಿತ್ತು. ನಾನು ಬಿಟ್ಟುಕೊಟ್ಟಿರಲಿಲ್ಲ. ಕಾರಣ ಅದರ ಜೇಬು. ಫೋನನ್ನು ತಲೆಕೆಳಗಾಗಿ ಅದರಲ್ಲಿ ಇಳಿಬಿಟ್ಟರೆ ಮೈಕು ಜೇಬಿನ ಅಂಚಿಗೆ ಬಂದು, ನನ್ನ ಗದ್ದದ ಕೆಳಗೇ ಕಿವಿಗೊಟ್ಟು ಕೂರುತ್ತಿತ್ತು.

ಈಚೆಗೆ ನಾನು ಕೋಡ್ ಬರೆಯುವುದು ಕಡಿಮೆ, ಬರೆಸುವುದು ಹೆಚ್ಚು. ಅದೂ ಬಟ್ಟೆ ಒಣಹಾಕುತ್ತಲೋ, ಗಿಡಕ್ಕೆ ನೀರು ಹಾಕುತ್ತಲೋ. ಜೇಬಿನ ಫೋನು ನನ್ನ ಮಾತನ್ನು ಅಕ್ಷರ ಮಾಡುತ್ತದೆ. ಆ ಅಕ್ಷರ ಒಳಕೋಣೆಯ ಲ್ಯಾಪ್‌ಟಾಪಿಗೆ ಹೋಗುತ್ತದೆ. ಅಲ್ಲಿ ಕೂತಿರುವ ಎಐ ಅಸಿಸ್ಟೆಂಟು ಫೈಲು ತೆರೆದು, ತಿದ್ದಿ, ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್ ಓಡಿಸಿ, ಅಪಾಯದ ಕೆಲಸವೇನಾದರೂ ಇದ್ದರೆ 'ಮಾಡಲೇ?' ಎಂದು ಕೇಳುತ್ತದೆ. ದುಡಿಮೆಯೆಲ್ಲ ಅಲ್ಲಿ, ಫೋನು ಬರೀ ಓಲೆಕಾರ. ಇದು ನನಗೆ ಅರ್ಥವಾದದ್ದು ಅರ್ಧ ಗಂಟೆ ಗಂಟಲು ಹರಿದುಕೊಂಡ ಮೇಲೆ ಹೋಗಿ ನೋಡಿದಾಗ. ಲ್ಯಾಪ್‌ಟಾಪು ನನಗಿಂತ ಮೊದಲೇ ನಿದ್ದೆ ಹೋಗಿತ್ತು.

ಯಂತ್ರಕ್ಕೆ ಮಾತು ಕಲಿಸುವ ಹಟ ಹಳೆಯದು. 1952ರಲ್ಲಿ ಬೆಲ್ ಲ್ಯಾಬ್ಸ್‌ನ 'ಆಡ್ರೀ' ಬರೀ ಅಂಕಿಗಳನ್ನು ಗುರುತಿಸುತ್ತಿತ್ತು. ಹತ್ತು ವರ್ಷದ ಮೇಲೆ ಐಬಿಎಂನ 'ಶೂಬಾಕ್ಸ್' ಹದಿನಾರು ಪದ ಬಲ್ಲದ್ದಾಯಿತು. ಅಂಕಿಗಳು, ಕೂಡು, ಕಳೆ, ಮೊತ್ತ, ಹೀಗೆ. ಹದಿನಾರೇ ಪದದಲ್ಲಿ ಸಂಸಾರ ಸಾಗಿಸುವವರನ್ನು ನಾನೂ ಕಂಡಿದ್ದೇನೆ, ಆ ಮಾತು ಬಿಡಿ. 2013ರಲ್ಲಿ ಟೇವಿಸ್ ರಡ್ ಎಂಬ ಪ್ರೋಗ್ರಾಮರ್, ಕೀಬೋರ್ಡು ಕುಟ್ಟಿ ಕೈ ನೋವು ಬಂದ ಮೇಲೆ, ಬರೀ ಬಾಯಲ್ಲಿ ಪೈಥಾನ್ ಕೋಡ್ ಬರೆಯುವುದನ್ನು ವೇದಿಕೆಯ ಮೇಲೆ ಮಾಡಿ ತೋರಿಸಿದರು. ಹೊಸ ಸಾಲಿಗೆ 'ಸ್ಲ್ಯಾಪ್', ಹೀಗೆ ಅವರದೇ ಒಂದು ಚುಟುಕು ಭಾಷೆ. ಆಗ ಮನುಷ್ಯ ಯಂತ್ರದ ಭಾಷೆ ಕಲಿಯಬೇಕಿತ್ತು. ಎಐಗೆ ಹೇಳಿ ಕೋಡ್ ಬರೆಸುವುದಕ್ಕೆ 2025ರ ಫೆಬ್ರವರಿಯಲ್ಲಿ 'ವೈಬ್ ಕೋಡಿಂಗ್' ಎಂದು ಹೆಸರಿಟ್ಟ ಎಐ ತಜ್ಞ ಆಂಡ್ರೇ ಕಾರ್ಪಥಿ, ತಾವು ಕೀಬೋರ್ಡ್ ಮುಟ್ಟುವುದೇ ಅಪರೂಪ, ಮಾತಲ್ಲೇ ಹೇಳಿ ಮಾಡಿಸುತ್ತೇನೆ ಎಂದರು. ಈಗ ಯಂತ್ರವೇ ನಮ್ಮ ಮಾತು ಕಲಿತಿದೆಯಂತೆ.

ಕಲಿತಿದೆ, ನಿಜ. ಆದರೆ ಕೋಡಿನ ಈಗಿನ ರೂಪವನ್ನು ದಾಖಲಿಸಿಡಲು 'ಕಮಿಟ್ ಮಾಡು' ಅಂದರೆ 'ಕಮ್ಮಿ ಮಾಡು' ಎಂದು ಬರೆದುಕೊಳ್ಳುತ್ತದೆ. ಕೋಡಿನ ಎರಡು ಕವಲುಗಳನ್ನು ಕೂಡಿಸಲು 'ಮರ್ಜ್ ಮಾಡು' ಅಂದದ್ದು ಒಮ್ಮೆ 'ಮರ್ಜಿ ನೋಡು' ಆಗಿತ್ತು. ಅಸಿಸ್ಟೆಂಟು ಬಹಳ ಮರ್ಯಾದಸ್ಥ, ಯಾರ ಮರ್ಜಿ ಎಂದು ಕೇಳಿತು. ಇವೆಲ್ಲ ನಕ್ಕು ಬಿಡುವಂಥವು.

ನಿಜವಾದ ತೊಡಕು ಬೇರೆ. ಮಾತಿನ ನಡುವೆ ಒಂದು ಕ್ಷಣ ಸುಮ್ಮನಾದರೆ, ಇವನದು ಮುಗಿಯಿತು ಎಂದುಕೊಂಡು ಫೋನು ಓಲೆ ಒಯ್ದುಬಿಡುತ್ತದೆ. ಇಂಗ್ಲಿಷಿನವರಿಗೆ ಇದರಿಂದ ಅಷ್ಟು ಹಾನಿಯಿಲ್ಲ. ಅವರು 'ಡೋಂಟ್' ಎಂದು ಹೊಸಿಲಲ್ಲೇ ತಡೆದು, ಆಮೇಲೆ ಉಳಿದದ್ದು ಹೇಳುತ್ತಾರೆ. ನಾವು ಇಡೀ ಮನೆ ಸುತ್ತಾಡಿಸಿ ಹಿತ್ತಿಲಿಗೆ ಬಂದ ಮೇಲೆ 'ಬೇಡ' ಅನ್ನುವ ಜನ. 'ಲಾಗಿನ್ ಪುಟದ ಹಳೇ ಕೋಡ್ ಎಲ್ಲಾ ತೆಗೆಯೋದು...' ಎಂದು ನಾನು ಉಸಿರೆಳೆದುಕೊಂಡೆ. ತೆಗೆಯಬೇಕೋ ಬೇಡವೋ ಎಂದು ಯೋಚಿಸಲು ನನಗೆ ಸಿಗುವ ಜಾಗ ಅದೊಂದೇ. ಅಷ್ಟರಲ್ಲಿ ಓಲೆ ಹೋಗಿತ್ತು, ಕೋಡೂ ಹೋಗುತ್ತಿತ್ತು. 'ಬೇಡ' ಎಂಬುದು ಎರಡನೆಯ ಓಲೆಯಾಗಿ ಒಂಟಿಯಾಗಿ ತಲುಪಿತು. 'ಏನು ಬೇಡ?' ಎಂದು ಉತ್ತರ ಬಂತು.

ಟೈಪ್ ಮಾಡುವಾಗ ಈ ಕಾಟವಿರಲಿಲ್ಲ. ಎಂಟರ್ ಒತ್ತುವವರೆಗೆ ಎಷ್ಟು ಹೊತ್ತು ಬೇಕಾದರೂ ಕರ್ಸರು ಮಿಟುಕುತ್ತ ಕಾಯುತ್ತಿತ್ತು. ಈಗ ಹೇಳುವುದೆಲ್ಲವನ್ನೂ ಮನಸ್ಸಿನಲ್ಲಿ ಒಮ್ಮೆ ಪಾಠ ಒಪ್ಪಿಸಿ, ಆಮೇಲೆ ಉಸಿರು ಬಿಡದೆ ಹೇಳಿ ಮುಗಿಸುತ್ತೇನೆ. ಕೇಳಿದವರಿಗೆ ನಾನು ಯಾರನ್ನೋ ಗದರುತ್ತಿರುವಂತೆ ಕಾಣುತ್ತದಂತೆ. ಮೊದಮೊದಲು ಅದಕ್ಕೆ 'ನೀವು' ಅನ್ನುತ್ತಿದ್ದೆ. ಒಂದು ವಾರದಲ್ಲಿ 'ನೀನು' ಆಯಿತು. ತಪ್ಪು ಮಾಡಿದ ದಿನ 'ಮಾರಾಯ' ಕೂಡ. ಅದು ಮಾತ್ರ ಈವರೆಗೂ ನನ್ನನ್ನು 'ನೀವು' ಎಂದೇ ಕರೆಯುವುದು ಸ್ವಲ್ಪ ಮುಜುಗರ.

ಇನ್ನು ಹೂಂಕಾರದ ವಿಷಯ. 'ಮಾಡಲೇ?' ಎಂದು ಕೇಳಿದಾಗ ನನಗೆ ಬಾಯಿಗೆ ಬರುವುದು ಹೂಂ ಅಥವಾ ಉಹೂಂ. ಎರಡರ ನಡುವೆ ಇರುವುದು ಒಂದು 'ಉ'. ಮೈಕು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಎಷ್ಟೋ ಸಲ ಮೊದಲ ಅಕ್ಷರ ದಾಟಿಹೋಗಿರುತ್ತದೆ. ಅಷ್ಟೇ ಅಲ್ಲ, ಹೂಂ ಅಂದರೆ ಒಪ್ಪಿದೆ ಎಂದೇನಲ್ಲವಲ್ಲ. ಕೇಳಿಸಿತು, ಮುಂದೆ ಹೇಳು, ಇನ್ನೂ ಎಚ್ಚರವಾಗಿದ್ದೇನೆ, ಯಾವುದು ಬೇಕಾದರೂ ಆಗಬಹುದು. ಕತೆ ಕೇಳುವ ಮಗು ರಾಕ್ಷಸನಿಗೂ ಹೂಂ ಅನ್ನುತ್ತದೆ.

ಮೊನ್ನೆ ನೀಲಿ ಅಂಗಿ ಒಗೆಯಲು ಬಿದ್ದಿತ್ತು. ಜೇಬಿಲ್ಲದ ಬನಿಯನ್ನಿನಲ್ಲಿದ್ದ ನಾನು ಫೋನನ್ನು ಕಿಟಕಿಯ ಮೇಲಿಟ್ಟು, ಧ್ವನಿ ಜೋರು ಮಾಡಿ ಹಗ್ಗದ ಗಂಟು ಬಿಗಿಯುತ್ತಿದ್ದೆ. 'ಬಳಕೆಯಲ್ಲಿಲ್ಲದ ಹನ್ನೊಂದು ಟೆಸ್ಟ್ ಫೈಲುಗಳಿವೆ, ಅಳಿಸಲೇ?' ಎಂದಿತು ಕಿಟಕಿ. ಅದೇ ಹೊತ್ತಿಗೆ ಒಳಗಿನಿಂದ ಹೆಂಡತಿ, 'ರೀ, ಇದಿನ್ನು ಹಾಕ್ಕೊಳ್ಳೋ ಹಾಗಿಲ್ಲ, ಹರಿದು ಒರೆಸೋಕೆ ಇಟ್ಕೊಳ್ಲಾ?' ಅಂದಳು. ಹಲ್ಲಿನಲ್ಲಿ ಹಗ್ಗದ ತುದಿ ಕಚ್ಚಿಕೊಂಡಿದ್ದೆ. 'ಹೂಂ...' ಅಂದೆ. ಹಗ್ಗ ಬಿಟ್ಟು, ಉಸಿರೆಳೆದುಕೊಂಡು, 'ಇರು, ಬಂದೆ' ಅಂದೆ.

ಆ 'ಇರು' ಇಬ್ಬರಿಗೂ ತಲುಪಲಿಲ್ಲ. ಟೆಸ್ಟ್ ಫೈಲುಗಳನ್ನು ಪುಣ್ಯಕ್ಕೆ ಹಿಂದಿನ ದಿನವೇ ಕಮಿಟ್ ಮಾಡಿದ್ದೆ. ಕಮಿಟ್ ಮಾಡಿದ್ದನ್ನೆಲ್ಲ ಕಾಯ್ದಿಡುವ ಗಿಟ್‌ಗೆ ಒಂದು ಮಾತು ಹೇಳಿದ್ದೇ ತಡ, ಹನ್ನೊಂದೂ ವಾಪಸ್ ಬಂದವು. ಅಂಗಿಯ ಜೇಬನ್ನು ಮಾತ್ರ ಈಗ ದಿನಾ ಬೆಳಿಗ್ಗೆ ಕಿಟಕಿಯ ಗಾಜಿನ ಮೇಲೆ ನೋಡುತ್ತೇನೆ.