ದಾರಿ ಬಿಡಿ, ಟರ್ಕಿ ಬಂತು

ಹಿಮ ಬಿದ್ದು ಆಫೀಸಿಗೆ ತಡವಾಯಿತು ಅಂದರೆ ಬಾಸ್ಟನ್ನಿನಲ್ಲಿ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ. ಬೇಗ ಹೊರಡಬೇಕಿತ್ತು ಅನ್ನುತ್ತಾರೆ. ಟರ್ಕಿ ಕೋಳಿ ಅಡ್ಡ ಬಂತು ಅಂದು ನೋಡಿ. ಮೀಟಿಂಗು ಅಲ್ಲೇ ನಿಲ್ಲುತ್ತದೆ. ಎಷ್ಟಿದ್ದವು, ಗಂಡಾ ಹೆಣ್ಣಾ, ಕಾರಿಗೆ ಕುಕ್ಕಿತಾ ಅಂತ ವಿಚಾರಣೆ ಶುರುವಾಗುತ್ತದೆ. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಟರ್ಕಿ ಕಥೆ ತೆಗೆಯುತ್ತಾರೆ. ತಡವಾಗಿ ಬಂದವಳನ್ನು ಕೇಳುವವರೇ ಇರುವುದಿಲ್ಲ.

ನಾವಿರುವುದು ಬಾಸ್ಟನ್ನಿನ ಪಕ್ಕ, ಲೆಕ್ಸಿಂಗ್ಟನ್ ಕಡೆ. ಕಾಡೇನಲ್ಲ. ಮನೆ, ಶಾಲೆ, ಬ್ಯಾಂಕು, ದೋಸೆ ಸಿಗುವ ಒಂದೆರಡು ಹೋಟೆಲು ಇರುವ ಕಡೆ. ಇಲ್ಲಿ ಬೆಳಗಾದರೆ ಟರ್ಕಿ ಕೋಳಿಗಳ ಹಿಂಡು ಫುಟ್‌ಪಾತಿನ ಮೇಲೆ ವಾಕಿಂಗ್ ಹೊರಡುತ್ತದೆ. ಯಾರೋ ಸಾಕಿದವಲ್ಲ, ಕಾಡಿನವೇ. ಗಂಡು ಎಂಟು ಹತ್ತು ಕಿಲೋ ತೂಗುತ್ತದೆ. ದೂರದಿಂದ ಕಪ್ಪು ಕಾಣುತ್ತದೆ, ಬಿಸಿಲು ಬಿದ್ದರೆ ಮೈ ತುಂಬ ತಾಮ್ರದ ಬಣ್ಣ, ಹಸಿರು ಬಣ್ಣ ಮಿಂಚುತ್ತದೆ. ಕುತ್ತಿಗೆಯಿಂದ ಮೇಲೆ ಮಾತ್ರ ಬ್ರಹ್ಮ ಕೆಲಸ ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದು ಹೋದ ಹಾಗಿದೆ. ಬೋಳು ತಲೆ, ಗಂಟುಗಂಟು ಚರ್ಮ, ಕೊಕ್ಕಿನ ಮೇಲೆ ಜೋತುಬಿದ್ದ ಒಂದು ಮಾಂಸದ ತುಂಡು. ಎದೆಯಿಂದ ನೇತಾಡುವ ಒರಟು ಗಡ್ಡ ಬೇರೆ.

ಈ ಹಿಂಡು ರಸ್ತೆ ದಾಟುವುದನ್ನು ನೋಡಬೇಕು. ಆಚೆ ಬದಿ ಸೇರಬೇಕೆಂಬ ಆತುರ ಯಾವುದಕ್ಕೂ ಇಲ್ಲ. ಒಂದು ನಟ್ಟನಡುವೆ ನಿಲ್ಲುತ್ತದೆ. ಹಿಂದಿನದು ಅದನ್ನು ನೋಡಿ ನಿಲ್ಲುತ್ತದೆ. ಆಗಲೇ ದಾಟಿದ್ದ ಎರಡು, ಏನಾಯಿತೋ ನೋಡೋಣ ಅಂತ ವಾಪಸ್ ಬರುತ್ತವೆ. ಎರಡೂ ಕಡೆ ಕಾರುಗಳ ಸಾಲು. ಯಾರೂ ಹಾರ್ನ್ ಒತ್ತುವುದಿಲ್ಲ. ಒಬ್ಬರು ಕಿಟಕಿ ಇಳಿಸಿ, ದಯವಿಟ್ಟು ಸ್ವಲ್ಪ ಸರಿಯುತ್ತೀರಾ ಅನ್ನುವ ಧಾಟಿಯಲ್ಲಿ ಏನೋ ಹೇಳುತ್ತಾರೆ. ಟರ್ಕಿ ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತದೆ, ಅಷ್ಟೇ.

ನನಗೆ ಇದರಲ್ಲಿ ವಿಚಿತ್ರವಾಗಿ ಕಾಣುವುದು ಜನ. ತುಮಕೂರಿನಲ್ಲಿ ರಸ್ತೆ ನಡುವೆ ಹಸು ಮಲಗಿದ್ದರೆ ಆಟೋದವನು ಅದರ ಅಪ್ಪಣೆ ಕೇಳುತ್ತಾನಾ? ಒಂದು ಗೇಣು ಬಿಟ್ಟು ಬಳಸಿಕೊಂಡು ಹೋಗುತ್ತಾನೆ. ಹಸು ಕಿವಿ ಕೂಡ ಅಲ್ಲಾಡಿಸುವುದಿಲ್ಲ. ಹಸು, ಬೀದಿನಾಯಿ, ಗುಡಿ ಮುಂದಿನ ಕೋತಿ, ಯಾರ ಜೊತೆ ಹೇಗಿರಬೇಕು ಅನ್ನುವುದು ನಮಗೆ ರೂಢಿ. ಕೋತಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಬಾಳೆಹಣ್ಣು ಸೆರಗಿನೊಳಗೆ ಇರಬೇಕು. ಇದನ್ನೆಲ್ಲ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಈ ಊರಿನವರಿಗೆ ಆ ರೂಢಿ ತಪ್ಪಿಹೋಗಿದೆ. ನೂರಿಪ್ಪತ್ತು ವರ್ಷ ಟರ್ಕಿಯ ಮುಖವನ್ನೇ ನೋಡದಿದ್ದರೆ ತಪ್ಪದೆ ಇನ್ನೇನು?

ಇಂಗ್ಲೆಂಡಿನಿಂದ ಬಂದು ಬಾಸ್ಟನ್ ಇರುವ ಈ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನೆಲೆಸಿದವರು ಕಾಡು ಕಡಿದು ಹೊಲ ಮಾಡಿದರು. ಟರ್ಕಿಯನ್ನು ಕಂಡಲ್ಲಿ ಹೊಡೆದು ತಿಂದರು. ಈ ಹಕ್ಕಿಗೆ ರಾತ್ರಿ ಕೂರಲು ಎತ್ತರದ ಮರ ಬೇಕು, ತಿನ್ನಲು ಓಕ್ ಮರದ ಕಾಯಿ ಬೇಕು. ಎರಡೂ ಹೋದವು. ರಾಜ್ಯದ ಕೊನೆಯ ಟರ್ಕಿಯನ್ನು 1851ರಲ್ಲಿ ಮೌಂಟ್ ಟಾಮ್ ಅನ್ನುವ ಬೆಟ್ಟದಲ್ಲಿ ಕೊಂದರು ಅಂತ ದಾಖಲೆ ಇದೆ. ಆಮೇಲೆ ರೈತರು ಬರೀ ಕಲ್ಲು ತುಂಬಿದ ಆ ಹೊಲಗಳನ್ನು ಬಿಟ್ಟು ಕೆಲವರು ಪಶ್ಚಿಮಕ್ಕೆ, ಕೆಲವರು ಪೇಟೆಯ ಗಿರಣಿಗಳಿಗೆ ಹೋದರು. ಬಿಟ್ಟ ಹೊಲದಲ್ಲಿ ಕಾಡು ತಾನಾಗಿ ಎದ್ದಿತು. ಕಾಡೇನೋ ಬಂತು, ಹಕ್ಕಿ ಬರಲಿಲ್ಲ. ವನ್ಯಜೀವಿ ಇಲಾಖೆಯವರು ಫಾರಂನಲ್ಲಿ ಬೆಳೆದ ಟರ್ಕಿಗಳನ್ನು ಬಿಟ್ಟು ನೋಡಿದರು. ಪಾಪ, ಅವಕ್ಕೆ ಕಾಡಿನಲ್ಲಿ ಬದುಕಲು ಬರಲಿಲ್ಲ. ಕೊನೆಗೆ 1972 ಮತ್ತು 1973ರಲ್ಲಿ ಪಕ್ಕದ ನ್ಯೂಯಾರ್ಕ್ ರಾಜ್ಯದ ಕಾಡುಗಳಲ್ಲಿ 37 ಟರ್ಕಿಗಳನ್ನು ಹಿಡಿದು ತಂದು ಬರ್ಕ್‌ಷೈರ್ ಬೆಟ್ಟಗಳಲ್ಲಿ ಬಿಟ್ಟರು. ಅವು ನೆಲೆಯೂರಿದವು. ಅವುಗಳಲ್ಲಿ ಕೆಲವನ್ನು ಹಿಡಿದು ಬೇರೆ ಬೇರೆ ಕಡೆಗೂ ಒಯ್ದರು. ಈಗ ರಾಜ್ಯದಲ್ಲಿ 25 ಸಾವಿರಕ್ಕೂ ಜಾಸ್ತಿ ಇವೆ.

ಬಾಸ್ಟನ್ ಪಕ್ಕದ ಊರುಗಳಿಗೆ ಅವು ಬಂದದ್ದು ತಮ್ಮ ಕಾಲ ಮೇಲೇ. ಬಂದು ನೋಡಿದರೆ ಸ್ವರ್ಗ. ಓಕ್ ಮರಗಳಿವೆ. ಗುಬ್ಬಿಗಳಿಗೆಂದು ಜನ ತೂಗುಹಾಕಿದ ಕಾಳು ಕೆಳಗೆ ಉದುರುತ್ತದೆ. ಮನೆಯವರ ಒಪ್ಪಿಗೆ ಇಲ್ಲದೆ ಮನೆಯಿಂದ 500 ಅಡಿಯೊಳಗೆ ಬಂದೂಕು ಹಾರಿಸುವ ಹಾಗಿಲ್ಲ ಅಂತ ಕಾನೂನಿದೆ. ಇಲ್ಲಿ ಒಂದು ಮನೆಯಿಂದ 500 ಅಡಿ ಹೋದರೆ ಇನ್ನೊಂದು ಮನೆ. ಟರ್ಕಿ ದಡ್ಡ ಹಕ್ಕಿ ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ನವೆಂಬರಿನಲ್ಲಾದರೂ ಹೆದರಬೇಕಲ್ವಾ? ಇಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಓವನ್ ಸೇರುವುದು ಫಾರಂನ ಬಿಳಿ ಟರ್ಕಿ. ಹಾರಲಾರದಷ್ಟು ದಪ್ಪ. ಅದರ ಮೂಲ ಮೆಕ್ಸಿಕೊ. ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು, ಅಲ್ಲಿಂದ ಅದು ಹಡಗು ಹತ್ತಿ ಮತ್ತೆ ಅಮೆರಿಕಕ್ಕೆ ಬಂತು. ಹಾಗೇ ನಮ್ಮ ಗೋವಾಕ್ಕೂ ಬಂತು. 1612ರಲ್ಲಿ ಮೊಗಲ್ ಆಸ್ಥಾನದ ಮುಕರ್ರಬ್ ಖಾನ್ ಗೋವಾದಿಂದ ಬಾದಶಹ ಜಹಾಂಗೀರನಿಗೆ ಕೆಲವು ಅಪರೂಪದ ಪ್ರಾಣಿ ಪಕ್ಷಿ ತಂದುಕೊಟ್ಟ. ಅದರಲ್ಲಿ ಟರ್ಕಿಯೂ ಇತ್ತು. ಬಾದಶಹನಿಗೆ ಎಷ್ಟು ಖುಷಿಯಾಯಿತೆಂದರೆ ಅದರ ವರ್ಣನೆ ಬರೆದಿಟ್ಟ. ತಲೆ ಒಮ್ಮೆ ಹವಳದ ಹಾಗೆ ಕೆಂಪಗಾಗುತ್ತದೆ, ಸ್ವಲ್ಪ ಹೊತ್ತಿಗೆ ಹತ್ತಿಯ ಹಾಗೆ ಬೆಳ್ಳಗಾಗುತ್ತದೆ, ಕೆಲವು ಸಲ ಫಿರೋಜಾ ಕಲ್ಲಿನ ನೀಲಿಗೆ ತಿರುಗುತ್ತದೆ ಅಂತ. ಅವನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬರೆದ ಟರ್ಕಿಯ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಾಲ್ಕು ನೂರು ವರ್ಷದ ಮೇಲಾದರೂ ಆ ಟರ್ಕಿಯ ಗತ್ತು ನಮ್ಮ ಬೀದಿಯ ಟರ್ಕಿಯದೇ.

ಜಹಾಂಗೀರ್ ನೋಡಿದ ಬಣ್ಣದಾಟ ಇಲ್ಲಿ ಮಾರ್ಚಿನಿಂದ ಮೇವರೆಗೆ ಪುಕ್ಕಟೆ ಪ್ರದರ್ಶನ. ಗಂಡುಗಳು ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಉಜ್ಜಿ, ಎದೆ ಉಬ್ಬಿಸಿ ನಡೆಯುತ್ತವೆ. ಹೆಣ್ಣುಗಳು ಕಾಳು ಕುಕ್ಕುತ್ತಿರುತ್ತವೆ, ತಲೆ ಎತ್ತಿ ಕೂಡ ನೋಡುವುದಿಲ್ಲ. ಈ ಕಾಲದಲ್ಲೇ ರಗಳೆ ಜಾಸ್ತಿ. ಟರ್ಕಿ ಹಿಂಡಿನಲ್ಲಿ ಯಾರು ಮೇಲು ಯಾರು ಕೆಳಗು ಅನ್ನುವುದು ಬಹಳ ಮುಖ್ಯ. ಮನುಷ್ಯರ ನಡುವೆ ಬೆಳೆದ ಹಕ್ಕಿ ನಮ್ಮನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಹೆದರಿ ಹಿಂದೆ ಸರಿದಿರೋ, ನೀವು ಅದಕ್ಕಿಂತ ಕೆಳಗೆ. ಮಾರನೇ ದಿನದಿಂದ ಬಸ್ ಸ್ಟಾಪಿನವರೆಗೆ ಬಂದು ಬಿಟ್ಟು ಹೋಗುತ್ತದೆ. ನಮ್ಮ ಬೀದಿಗೆ ಬರುವ ಅಂಚೆಯವರು ಎಂಥ ಚಳಿಗೂ ಜಗ್ಗದ ಆಳು. ಏಪ್ರಿಲ್‌ನಲ್ಲಿ ಮಾತ್ರ ಅವರು ವ್ಯಾನಿನಿಂದ ಇಳಿಯುವ ಮೊದಲು ಎರಡೂ ಕಡೆ ಬಗ್ಗಿ ನೋಡುತ್ತಾರೆ.

ಬಾಸ್ಟನ್ನಿನಲ್ಲೇ ಹುಟ್ಟಿದ ಬೆಂಜಮಿನ್ ಫ್ರಾಂಕ್ಲಿನ್‌ಗೆ ಈ ಸ್ವಭಾವ ಚೆನ್ನಾಗಿ ಗೊತ್ತಿತ್ತು. 1784ರಲ್ಲಿ ಮಗಳಿಗೆ ಬರೆದ ಕಾಗದದಲ್ಲಿ ಅಮೆರಿಕದ ಲಾಂಛನದಲ್ಲಿರುವ ಹದ್ದನ್ನು ನಡತೆಗೆಟ್ಟ ಹಕ್ಕಿ ಅಂತ ಬೈದು ಟರ್ಕಿಯನ್ನು ಹೊಗಳಿದ. ಸ್ವಲ್ಪ ಜಂಬ, ಸ್ವಲ್ಪ ಪೆದ್ದುತನ ಇದೆ, ಆದರೂ ಧೈರ್ಯದ ಹಕ್ಕಿ, ಕೆಂಪು ಕೋಟಿನ ಬ್ರಿಟಿಷ್ ಸೈನಿಕ ಅಂಗಳಕ್ಕೆ ಕಾಲಿಟ್ಟರೂ ಮೇಲೆ ಬೀಳುತ್ತದೆ ಅಂತ ಬರೆದ. ಇದನ್ನು ಪರೀಕ್ಷೆ ಮಾಡಲು ಲೆಕ್ಸಿಂಗ್ಟನ್‌ಗಿಂತ ಒಳ್ಳೆ ಜಾಗ ಇಲ್ಲ. 1775ರ ಏಪ್ರಿಲ್ 19ರಂದು ಇಲ್ಲಿ ಬ್ರಿಟಿಷ್ ಸೈನಿಕರ ಜೊತೆ ನಡೆದ ಕಾಳಗವನ್ನು ಜನ ಈಗಲೂ ಪ್ರತಿ ಏಪ್ರಿಲ್‌ನಲ್ಲಿ ಬೆಳಗಿನ ಜಾವ ಆಡಿ ತೋರಿಸುತ್ತಾರೆ. ಕೆಂಪು ಕೋಟು ತೊಟ್ಟವರು ಸಾಲಾಗಿ ಬರುತ್ತಾರೆ. ಟರ್ಕಿಗಳಿಗೂ ಅದೇ ಸೀಸನ್. ನಾನು ಇದೇ ಆಸೆಯಿಂದ ಒಂದು ಸಲ ಚಳಿಯಲ್ಲಿ ನಡುಗುತ್ತಾ ಹೋಗಿ ನಿಂತಿದ್ದೆ. ಒಂದೂ ಬರಲಿಲ್ಲ. ಮನೆಗೆ ವಾಪಸ್ ಬಂದಾಗ ಎಲ್ಲವೂ ನಮ್ಮ ಗ್ಯಾರೇಜಿನ ಮುಂದೆ ಸಭೆ ಸೇರಿದ್ದವು.

ಈ ಗಲಾಟೆಗೆಲ್ಲ ಸರಕಾರದ ಸಲಹೆ ಸರಳವಾಗಿದೆ. ಹೆದರಬೇಡಿ. ಕಾಳು ಹಾಕಬೇಡಿ. ಜೋರಾಗಿ ಸದ್ದು ಮಾಡಿ, ಪೊರಕೆ ಬೀಸಿ, ಪೈಪಿನಿಂದ ನೀರು ಹಾರಿಸಿ. ಇದನ್ನು ಓದಿ ನನ್ನ ಗಂಡ ಒಳ್ಳೆ ಪೊರಕೆ ಯಾವುದು ಅಂತ ಆನ್‌ಲೈನಲ್ಲಿ ಹುಡುಕತೊಡಗಿದರು. ಅಷ್ಟರಲ್ಲಿ ತಿಪಟೂರಿನಿಂದ ನಮ್ಮ ಅತ್ತೆ ಬಂದರು.

ಅತ್ತೆ ಸರಕಾರದ ಸಲಹೆ ಓದಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಗಂಡು ಟರ್ಕಿ ನಿಂತಿರುವುದನ್ನೂ, ನಾವಿಬ್ಬರೂ ಶೂ ಹಾಕಿಕೊಂಡು ಒಳಗೇ ಕಾಯುತ್ತಿರುವುದನ್ನೂ ನೋಡಿದರು. ‘ಏನೇ ಇದು, ಒಂದು ಕೋಳಿಗೆ ಹೆದರಿಕೊಂಡು ಕೂತಿದೀರಾ?’ ಅಂದರು. ಇಂಡಿಯನ್ ಅಂಗಡಿಯಿಂದ ತಂದಿದ್ದ ಕಡ್ಡಿ ಪೊರಕೆ ತೆಗೆದುಕೊಂಡು ಬಾಗಿಲು ತೆರೆದು, ‘ಹುಶ್! ನಡಿಯತ್ಲಾಗೆ!’ ಅಂದರು. ಬೀಸಲೂ ಇಲ್ಲ. ಟರ್ಕಿ ಅವರನ್ನು ಮೇಲಿಂದ ಕೆಳಗೆ ನೋಡಿತು. ಕೆಂಪಗಿದ್ದ ತಲೆ ಪೇಲವವಾಯಿತು. ರೆಕ್ಕೆ ಮಡಚಿಕೊಂಡು ಮೆಟ್ಟಿಲಿಳಿದು ಹೋಯಿತು. ಅವರಿದ್ದಷ್ಟು ದಿನ ನಮ್ಮ ಅಂಗಳದಲ್ಲಿ ಅತ್ತೆಯದೇ ದರ್ಬಾರು.

ಹಾಗಂತ ಅವರಿಗೆ ಟರ್ಕಿಗಳ ಮೇಲೆ ಕೋಪ ಇತ್ತು ಅಂದುಕೊಳ್ಳಬೇಡಿ, ಅತ್ತೆಗೆ ಮರುಕವೇ ಜಾಸ್ತಿ. 2017ರಲ್ಲಿ ರ್ಯಾಂಡಾಲ್ಫ್ ಎಂಬ ಊರಿನ ರಸ್ತೆಯಲ್ಲಿ ಸತ್ತ ಬೆಕ್ಕಿನ ಸುತ್ತ ಟರ್ಕಿಗಳು ಒಂದರ ಹಿಂದೆ ಒಂದು ಸುತ್ತುತ್ತಿದ್ದ ವಿಡಿಯೊ ಪ್ರಸಿದ್ಧ. ಬೆಕ್ಕಿನ ಭಯಕ್ಕೆ ದೂರದಿಂದಲೇ ಪರೀಕ್ಷೆ ಮಾಡುತ್ತಿರಬೇಕು, ಮುಂದಿನದರ ಬಾಲ ಹಿಡಿದು ಹೊರಟು ನಿಲ್ಲಿಸುವುದು ಹೇಗೆಂದು ತಿಳಿಯದೆ ಸುತ್ತುತ್ತಿರಬೇಕು ಅಂತ ಹಕ್ಕಿ ಬಲ್ಲವರು ಹೇಳಿದರು. ಅತ್ತೆ ನೋಡಿ, ‘ಎಷ್ಟು ಚೆನ್ನಾಗಿ ಪ್ರದಕ್ಷಿಣೆ ಹಾಕ್ತಾವೆ ನೋಡೇ’ ಅಂದರು. ಸಂಜೆ ಅಷ್ಟು ಭಾರದ ಹಕ್ಕಿಗಳು ದಬದಬ ರೆಕ್ಕೆ ಬಡಿದು ಪೈನ್ ಮರ ಏರುವುದನ್ನು ನೋಡಲು ಕಾಫಿ ಹಿಡಿದು ಹಿತ್ತಲಲ್ಲಿ ಕೂರುತ್ತಿದ್ದರು. ಕೊಂಬೆ ಮುರಿದರೆ ಗತಿಯೇನು ಅನ್ನುವುದೊಂದೇ ಅವರ ಚಿಂತೆ.

ಅತ್ತೆ ಊರಿಗೆ ವಾಪಸಾದ ಮೇಲೆ ಮೆಟ್ಟಿಲು ಮತ್ತೆ ಟರ್ಕಿಯ ವಶವಾಯಿತು. ನನಗೂ ಪೊರಕೆ ಹಿಡಿಯಲು ಬರುತ್ತದೆ, ಆ ದನಿ ಬರುವುದಿಲ್ಲ. ಕಾರಿನದು ಇನ್ನೊಂದು ಗೋಳು. ನಮ್ಮದು ಕಪ್ಪು ಕಾರು. ಹೊಳೆಯುವ ಬಾಗಿಲಲ್ಲಿ, ಪಕ್ಕದ ಕನ್ನಡಿಯಲ್ಲಿ ಗಂಡು ಟರ್ಕಿಗೆ ತನ್ನದೇ ಮುಖ ಕಾಣುತ್ತದೆ. ಇವನ್ಯಾರು ನನ್ನ ಜಾಗಕ್ಕೆ ಬಂದವನು ಅಂತ ಕುಕ್ಕಲು ಶುರು ಮಾಡುತ್ತದೆ. ಹೊಳೆಯುವುದನ್ನು ಮುಚ್ಚಿಡಿ ಅನ್ನುವುದೂ ಸರಕಾರದ ಸಲಹೆಯೇ. ಅದಕ್ಕೆ ಏಪ್ರಿಲ್ ಬಂತೆಂದರೆ ನಮ್ಮ ಬೀದಿಯ ಕಾರುಗಳ ಕನ್ನಡಿಗಳೆಲ್ಲ ಹಳೇ ಸಾಕ್ಸ್ ತೊಟ್ಟು ನಿಂತಿರುತ್ತವೆ. ಮೊನ್ನೆ ಬೆಂಗಳೂರಿನಿಂದ ಬಂದ ನಂಟರೊಬ್ಬರು ಬಹಳ ಹೊತ್ತು ನೋಡಿ, ‘ಇದೇನಮ್ಮ, ಕನ್ನಡಿಗೆಲ್ಲ ಕಾಲುಚೀಲ?’ ಅಂದರು. ‘ದೃಷ್ಟಿ ಬೀಳಬಾರದು ಅಂತ’ ಅಂದೆ. ‘ಇಲ್ಲಿನವರೂ ನಂಬ್ತಾರಲ್ಲ!’ ಅಂತ ಅವರು ಸಂತೋಷದಿಂದ ಫೋಟೊ ತೆಗೆದುಕೊಂಡರು.